ಎಡಗಡೆಯ ನೀಲಿ ಗೆರೆ

ಗಂಗೊಳ್ಳಿಯ ಕಡಲಿಗೆ ಮಂಜು ಕವಿಯುತ್ತಲೇ ಗುಲಾಬಿ ತನ್ನ ಫೋನ್ ಆಫ್ ಮಾಡಿದಳು. ಗಂಡ ಶೀನನ ದೋಣಿ ಇನ್ನೂ ಬಂದಿರಲಿಲ್ಲ.

ಹಕ್ಕಿಗಳಿಗೆ ಕಾಣುವ ಹಾಗೆ ಈಗ ಮನುಷ್ಯರ ಕಣ್ಣಿಗೂ ಉತ್ತರ ದಿಕ್ಕು ನೀಲಿ ಗೆರೆಯಾಗಿ ಕಾಣುತ್ತದೆ. ಅದನ್ನು ಎಡಕ್ಕಿಟ್ಟುಕೊಂಡು ಬಂದರೆ ದಡ. ಆದರೆ ಮೈಮೇಲಿನ ಫೋನ್ ಒಮ್ಮೆ ರಿಂಗಾದರೆ ಸಾಕು, ಕಣ್ಣೊಳಗೆ ದಿಕ್ಕು ಗುರುತಿಸುವ ಜೋಡಿ ಎಲೆಕ್ಟ್ರಾನುಗಳು ಕದಡಿ ಗೆರೆಯೇ ಅಳಿಸಿಹೋಗುತ್ತದೆ. ಶೀನನೋ, ಫೋನ್ ಆಫ್ ಮಾಡಲು ಎಂದೂ ನೆನಪಿಟ್ಟವನಲ್ಲ.

“ಒಂದ್ಸಲ ಅವನಿಗೆ ಫೋನ್ ಮಾಡಿ ನೋಡು ಮಾರಾಯ್ತಿ, ಮನಸ್ಸು ತಡೆಯುದಿಲ್ಲ,” ಎಂದು ಅತ್ತೆ ಅತ್ತರು.

ಗುಲಾಬಿ ಅವರ ಫೋನನ್ನೂ ಕಿತ್ತುಕೊಂಡು ಸೆರಗಿಗೆ ಕಟ್ಟಿಕೊಂಡಳು. “ಬೈದ್ರೂ ಅಡ್ಡಿಲ್ಲ ಅತ್ತೆ, ಕೊಡುದಿಲ್ಲ.”

ಸಂಜೆ ಮಂಜು ಸೀಳಿಕೊಂಡು ದೋಣಿ ಬಂತು. ಇಳಿದವನೇ ಶೀನ ಸಿಡುಕಿದ: “ಎಂತ ಮಾರಾಯ್ತಿ, ಒಂದು ಫೋನೂ ಇಲ್ಲ?”

“ಅದು ಬಂದಿದ್ರೆ ನೀವು ಬರ್ತಿದ್ರಾ?”