ಕಾಣದ ಮಗ್ಗುಲು

ಡೀಸೆಲ್ ಮುಗಿದ ಮೇಲೆ ಗುಂಡ್ಲುಪೇಟೆಯ ಬಸ್ಸುಗಳನ್ನು ಎಳೆಯುತ್ತಿದ್ದದ್ದು ಪಳಗಿಸಿದ ಕಾಡುಕೋಣಗಳು. ಡಿಪೋದಲ್ಲಿ ಅವುಗಳ ಕಣ್ಣು ನೋಡುವವಳು ಜವರಮ್ಮ.

ಅಂದು ಬೆಳಿಗ್ಗೆ ನೊಗದ ಎಡಗಡೆಯ ಕೋಣದ ಎಡಗಣ್ಣು ಕೆಂಪಾಗಿ ನೀರು ಸುರಿಸುತ್ತಿತ್ತು. ಗುಡ್ಡೆಯ ಮೇಲೆ ಬಿಳಿ ಪೊರೆ, ಸುತ್ತ ನೊಣ.

"ಇದಕ್ಕೆ ಈ ಕಣ್ಣು ಕಾಣ್ತಿಲ್ಲ ಕಣಣ್ಣ. ಇವತ್ತು ಬಿಚ್ಬುಡು," ಎಂದಳು.

"ಜನ ಕಾಯ್ತಾವ್ರೆ," ಎಂದ ಚಾಲಕ ಸಿದ್ದಪ್ಪಾಜಿ, ಎಡಮಗ್ಗುಲಿಗೆ ಬಂದು ಚಾಟಿ ಬೀಸಿದ.

ಕಾಣದ ಕಡೆಯಿಂದ ಬಿದ್ದ ಏಟಿಗೆ ಕೋಣ ಬೆದರಿ ತಲೆ ಬೀಸಿತು. ಕೊಂಬು ಅವನ ತೊಡೆಯನ್ನು ಸೀಳಿ, ಅವನನ್ನು ಬಸ್ಸಿನ ತಗಡಿಗೆ ಅಪ್ಪಳಿಸಿತು. ಪಕ್ಕೆಲುಬು ಮುರಿದ ಸದ್ದು ಒಳಗೆ ಕೂತವರಿಗೂ ಕೇಳಿಸಿತು. ಕಾವಲುಗಾರ ಮಾದಯ್ಯ ಬಂದೂಕು ಹಾರಿಸಿದ. ಕೋಣ ಮಂಡಿಯೂರಿ, ರಕ್ತ ಕಾರುತ್ತಾ ಸತ್ತಿತು.

ಜವರಮ್ಮ ಸೆರಗು ಹರಿದು ಸಿದ್ದಪ್ಪಾಜಿಯ ತೊಡೆಗೆ ಬಿಗಿದಳು. ಆಮೇಲೆ ಜೋಡಿಯ ಇನ್ನೊಂದು ಕೋಣವನ್ನು ನೋಡಿದಳು. ಅದರ ಒಂದು ಕಣ್ಣಿನಿಂದಲೂ ನೀರು ಇಳಿಯುತ್ತಿತ್ತು. ನೊಣಗಳು ರೋಗವನ್ನು ದಾಟಿಸಿದ್ದವು.

ಇದೂ ಬೆದರೀತೆಂದು ಮಾದಯ್ಯ ಮತ್ತೆ ಬಂದೂಕು ಎತ್ತಿದ. ಅವಳು ನಳಿಗೆಗೆ ಎದೆಯೊಡ್ಡಿ ನಿಂತಳು.

"ಇದನ್ನೂ ಹೊಡುದ್ರೆ ಈ ಅಣ್ಣನ್ನ ಆಸ್ಪತ್ರೆಗೆ ಯಾರು ಎಳ್ಕಂಡ್ ಹೋಯ್ತಾರೆ? ನೀನಾ?"

ಮಾದಯ್ಯ ಬಂದೂಕನ್ನು ನೆಲಕ್ಕಿಟ್ಟ. ಸತ್ತ ಕೋಣದ ಕೊರಳಿನಿಂದ ನೊಗ ಬಿಡಿಸಿ, ತನ್ನ ಹೆಗಲು ಕೊಟ್ಟ. ಪ್ರಯಾಣಿಕರು ಸಿದ್ದಪ್ಪಾಜಿಯನ್ನು ಒಳಗೆ ಎತ್ತಿ ಮಲಗಿಸಿ, ಒಬ್ಬೊಬ್ಬರಾಗಿ ಇಳಿದು ಬಸ್ಸನ್ನು ಹಿಂದಿನಿಂದ ತಳ್ಳತೊಡಗಿದರು.