ಟ್ಯಾಂಕಿನಡಿಯ ಹಂಸಮರಿಗಳು

ಸ್ಕ್ರೂಡ್ರೈವರ್ ಹಿಡಿಯವರೆಗೂ ಒಳಗೆ ಹೋಯಿತು. ಶೆಡ್ಡಿನ ಗುಂಡಿಯಲ್ಲಿ ನಿಂತು ಕಾರಿನ ಹೊಟ್ಟೆಯನ್ನು ಚುಚ್ಚಿ ನೋಡುತ್ತಿದ್ದ ತೈಸ್ತೊ ಕೈಯನ್ನು ಹಾಗೇ ಇಟ್ಟುಕೊಂಡ. ಪೆಟ್ರೋಲ್ ಟ್ಯಾಂಕನ್ನು ಹೊತ್ತು ನಿಲ್ಲುವ ಎರಡು ಕಬ್ಬಿಣದ ಪಟ್ಟಿಗಳಲ್ಲಿ ಎಡಗಡೆಯದು ಕಚ್ಚಿಕೊಳ್ಳಬೇಕಾದ ಜಾಗ ಅದು. ಅಲ್ಲಿ ಕಬ್ಬಿಣವೇ ಇರಲಿಲ್ಲ.

"ಏನ್ ತಾತ, ತೂತಾ?" ಮೊಮ್ಮಗಳು ವೆನ್ಲಾ ಮೇಲಿಂದ ಬಗ್ಗಿದಳು.

"ತೂತಾಗೋಕೆ ಸುತ್ತ ಏನಾದ್ರೂ ಇರಬೇಕಲ್ಲಮ್ಮ."

ಬೆಳಿಗ್ಗೆಯೇ ಪೆಟ್ರೋಲನ್ನೆಲ್ಲ ಹೊರಗೆ ಕ್ಯಾನುಗಳಿಗೆ ಇಳಿಸಿ, ಟ್ಯಾಂಕಿನಡಿಗೆ ಹಲಗೆ ಇಟ್ಟು ಜ್ಯಾಕ್ ಕೊಟ್ಟಿದ್ದರು. ತಪಾಸಣೆಯವರು ಕಾರನ್ನು ಫೇಲು ಮಾಡಿ ಕೊಟ್ಟ ಕಾಗದ ವೆನ್ಲಾಳ ಕೈಯಲ್ಲಿತ್ತು. ಹೊರಗೆ, ಮಾರ್ಚ್ ತಿಂಗಳ ಹಿಮದ ನಡುವೆ, ಅವಳ ಆರು ತಿಂಗಳ ಮಗು ಓಯ್ವ ಊರಿನ ರೂಢಿಯಂತೆ ತಳ್ಳುಗಾಡಿಯಲ್ಲಿ ಮೂಗಿನವರೆಗೂ ಹೊದ್ದು ಮಧ್ಯಾಹ್ನದ ನಿದ್ದೆ ಮಾಡುತ್ತಿತ್ತು.

ತೈಸ್ತೊ ಕೆರೆಯತೊಡಗಿದ. ರಸ್ತೆಗೆ ಸುರಿಯುವ ಉಪ್ಪಿನಿಂದ ತುಕ್ಕು ಹಿಡಿಯದಿರಲೆಂದು ಬಳಿದಿದ್ದ ಕಪ್ಪು ಲೇಪ ಡಾಂಬರಿನಂತೆ ಹೋಳು ಹೋಳಾಗಿ ಅವನ ಟೊಪ್ಪಿಯ ಮೇಲೆ ಬಿತ್ತು. ಹೋದ ಶರತ್ಕಾಲದಲ್ಲಿ ವೆನ್ಲಾ ಈ ಕಾರು ಕೊಳ್ಳುವ ಮುಂಚೆ ಟಾರ್ಚ್ ಹಿಡಿದು ಇದೇ ಲೇಪವನ್ನು ನೋಡಿ ತಲೆದೂಗಿದ್ದವನು ಅವನೇ. "ಯಾರೋ ಜವಾಬ್ದಾರಿ ಇರೋ ಮನುಷ್ಯ ನೋಡ್ಕೊಂಡಿದಾನೆ, ತಗೋ" ಎಂದಿದ್ದ. ಈಗ ಆ ಕಪ್ಪಿನಡಿಯಿಂದ ನೀಲಿ ಬಣ್ಣ ಇಣುಕಿತು. ಆಮೇಲೆ ಸಾಲಾಗಿ ಈಜುವ ಮೂರು ಬೂದು ಹಂಸಮರಿಗಳು.

"ಡಬ್ಬದ ತಗಡು!" ವೆನ್ಲಾ ಗೊಳ್ಳೆಂದು ನಕ್ಕಳು. "ತಾತ, ಅದು ಬಿಸ್ಕತ್ತಿನ ಡಬ್ಬದ ತಗಡು!" ನಗು ಅರ್ಧಕ್ಕೇ ನಿಂತಿತು. ಅವಳು ಕಾರಿನ ಹಿಂದಿನ ಸೀಟಿನತ್ತ ನೋಡಿದಳು. ಮಗುವಿನ ಕುರ್ಚಿ ಸರಿಯಾಗಿ ಟ್ಯಾಂಕಿನ ಮೇಲಿತ್ತು. "ಅಂದ್ರೆ ಚಳಿಗಾಲವೆಲ್ಲ… ಒಂದೇ ಪಟ್ಟಿ ಮೇಲಾ?"

ತೈಸ್ತೊಗೆ ಆ ಮರಿಗಳ ಗುರುತು ಸಿಕ್ಕಿತು. ಅವನ ಕೈಗೆ ಬಂದಾಗ ಈ ಕಾರು ಬಿಳಿಯದಾಗಿತ್ತು. ನಡುವೆ ಯಾರೋ ಕೆಂಪು ಬಳಿಸಿದ್ದರು. ಹನ್ನೊಂದು ವರ್ಷದ ಹಿಂದೆ, ನಡುಬೇಸಿಗೆಯ ಹಬ್ಬದ ಮುನ್ನಾದಿನ. ಅಂಗಡಿಗಳು ಮಧ್ಯಾಹ್ನಕ್ಕೇ ಬಾಗಿಲು ಹಾಕಿದ್ದವು. ಸರೋವರದ ದಂಡೆಯಲ್ಲಿ ಸೌನಾ ಎಂಬ ಹಬೆಸ್ನಾನದ ಕೋಣೆ ಕಾದಿತ್ತು, ಹಬ್ಬದ ಬೆಂಕಿಗೆ ಸೌದೆ ಒಟ್ಟಿಯಾಗಿತ್ತು. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಬೇಸಿಗೆ ಮನೆಗೆ ಹೊರಟಿದ್ದ ಅಪರಿಚಿತನೊಬ್ಬ, ಕಾರಿನಡಿ ಏನೋ ಕಟಕಟ ಎನ್ನುತ್ತಿದೆ ಎಂದು ಗೇಟಿನ ಮುಂದೆ ನಿಂತ. ಶೆಡ್ಡಿನಲ್ಲಿ ಒಂದು ತುಂಡು ಶೀಟ್ ಇರಲಿಲ್ಲ. ತೈಸ್ತೊ ಕೈಗೆ ಸಿಕ್ಕ ಡಬ್ಬ ಕತ್ತರಿಸಿ ನಾಲ್ಕು ರಿವೆಟ್ ಮೊಳೆ ಹೊಡೆದ. "ನಿಧಾನಕ್ಕೆ ಹೋಗು. ಹಬ್ಬ ಮುಗೀತಿದ್ದ ಹಾಗೆ ಬಾ, ಗಟ್ಟಿಯಾಗಿ ವೆಲ್ಡ್ ಮಾಡ್ಕೊಡ್ತೀನಿ." ಆತ ಎರಡು ಹೊಗೆಯಾಡಿಸಿದ ಮೀನು ಕೊಟ್ಟು ಹೋದವನು ಮತ್ತೆ ಬರಲಿಲ್ಲ. ತೈಸ್ತೊನಂಥ ಕೆಲಸಗಾರ ಡಬ್ಬದ ತೇಪೆ ಹಾಕಿದ್ದು ಯಾರ ಕಣ್ಣಿಗೂ ಬೀಳಬಾರದೆಂದು, ಮೇಲೆ ಎರಡು ಸಲ ಕಪ್ಪು ಬಳಿದದ್ದೂ ತಾನೇ.

"ಕಿತ್ತು ಕೊಡು," ವೆನ್ಲಾ ಕೈ ಚಾಚಿದಳು. ತಗಡನ್ನು ಬೆಂಚಿನ ಮೇಲಿಟ್ಟು ಫೋನ್ ಹಿಡಿದಳು. "ಫೋಟೋ ಹಾಕ್ತೀನಿ. ಈ ಕೊಲೆಗಡುಕ ಯಾವನು ಅಂತ ಊರಿಗೆಲ್ಲ ಗೊತ್ತಾಗ್ಲಿ."

ಅಷ್ಟರಲ್ಲಿ ಅಜ್ಜಿ ಹೆಲ್ವಿ ಕಾಫಿ, ಏಲಕ್ಕಿ ಬನ್ನು ಹಿಡಿದು ಬಂದಳು. ಗಂಡ ಗುಂಡಿಯಿಂದ ಮೇಲೆ ಹತ್ತುತ್ತಿದ್ದ. ಅವಳು ಬೆಂಚಿನತ್ತ ಬಗ್ಗಿದಳು.

"ಅಯ್ಯೋ, ನನ್ನ ಹತ್ರಾನೂ ಇಂಥದ್ದೇ ಡಬ್ಬ ಇತ್ತು. ನಮ್ಮಮ್ಮಂದು. ಆ ಔನೆ ಹೊಡ್ಕೊಂಡ್ ಹೋದ್ಲಲ್ಲ!"

"ನಿನ್ನ ತಂಗಿ ಔನೆ ಅಜ್ಜೀನಾ?"

"ಇನ್ಯಾರು? ಅವತ್ತಿಂದ ನಾನು ಅವಳ ಮನೆ ಹೊಸ್ತಿಲು ತುಳಿದಿಲ್ಲ. ಹನ್ನೊಂದು ವರ್ಷ."

"ಔನೆ ಅಜ್ಜಿ ಅಳಿಯ ಕಾರ್ ರಿಪೇರಿ ಮಾಡ್ತಿದ್ರು, ಅಲ್ವಾ?" ವೆನ್ಲಾಳ ಬೆರಳು ಫೋನಿನ ಮೇಲೆ ನಿಂತಿತು.

ತೈಸ್ತೊ ಸುಮ್ಮನಿದ್ದರೆ ಸಾಕಿತ್ತು, ತಪ್ಪೆಲ್ಲ ಔನೆಯ ಅಳಿಯನ ತಲೆಗೆ ಹೋಗುತ್ತಿತ್ತು. ಅದು ಅವನಿಗೂ ಹೊಳೆಯಿತು. ಕಾಫಿಯ ಹಬೆ ಏಳುತ್ತಿತ್ತು. ಅವನು ಗೋಡೆಯ ಹಲಗೆಯ ಮೇಲೆ ರಿವೆಟ್ ತುಂಬಿ ತಟ್ಟೆಯಂತೆ ಇಟ್ಟಿದ್ದ ಹಳೆಯ ಡಬ್ಬದ ಮುಚ್ಚಳವನ್ನು ಎತ್ತಿದ. ರಿವೆಟ್‌ಗಳೆಲ್ಲ ಝಲ್ಲೆಂದು ನೆಲಕ್ಕೆ ಸುರಿದವು. ಖಾಲಿ ಮುಚ್ಚಳವನ್ನು ಬೋರಲು ಮಾಡಿ ತಗಡಿನ ಪಕ್ಕಕ್ಕಿಟ್ಟ. ಹನ್ನೊಂದು ವರ್ಷ ಹಲಗೆಗೆ ಮುಖ ಕೊಟ್ಟು ಮಲಗಿದ್ದ ತಾಯಿ ಹಂಸ ನೀಲಿ ನೀರಿನಲ್ಲಿ ಕತ್ತು ತಿರುಗಿಸಿ ಹಿಂದೆ ನೋಡುತ್ತಿತ್ತು.

ಹೆಲ್ವಿ ಹಳೆಯ ಟೈರೊಂದರ ಮೇಲೆ ಕೂತಳು. "ಔನೆ…" ಎಂದಳು, ಅಷ್ಟೆ.

ವೆನ್ಲಾ ಫೋನನ್ನು ಜೇಬಿಗಿಳಿಸಿದಳು. ಹೊರಗೆ ತಳ್ಳುಗಾಡಿಯಿಂದ ಸಣ್ಣ ಸದ್ದು ಬಂದು ನಿಂತಿತು. ಅವಳು ತಾತನ ಮುಖ ನೋಡಲಿಲ್ಲ.

"ಬಲಗಡೆ ಪಟ್ಟೀನೂ ಕೆರೆದು ನೋಡು."

ತೈಸ್ತೊ ಮತ್ತೆ ಗುಂಡಿಗಿಳಿದ. ಬಲಗಡೆಯ ಪಟ್ಟಿಯ ಬುಡಕ್ಕೂ ಅಷ್ಟೇ ದಪ್ಪಗೆ, ಅಷ್ಟೇ ಚೊಕ್ಕವಾಗಿ ಕಪ್ಪು ಬಳಿದಿತ್ತು. ಅವತ್ತು ಅದನ್ನೂ ಮುಟ್ಟಿದ್ದೆನೋ ಇಲ್ಲವೋ, ಎಷ್ಟು ತಿಣುಕಿದರೂ ನೆನಪಾಗಲಿಲ್ಲ. ಅವನು ಸ್ಕ್ರೂಡ್ರೈವರಿನ ತುದಿಯನ್ನು ಆ ಕಪ್ಪಿಗೆ ತಾಗಿಸಿದ. ಕೈ ಒತ್ತಲು ಒಪ್ಪಲಿಲ್ಲ.