ಪ್ರತಿ ಪುಟಕ್ಕೂ ಸಹಿ

"ಸಾಲಿಗೊಂದು ಅರ್ಧವಿರಾಮ ಅದಾವಲ್ರಿ ಬಾಯಾರ, ಒಂದರ ಪೂರ್ಣವಿರಾಮ ಬ್ಯಾಡೇನು?" ಎಂದು ಲಾಲಪ್ಪ ಸಾಹೇಬರು ಕಾಗದವನ್ನು ಮೇಜಿನ ಮೇಲೆ ಕುಟ್ಟಿದರು.

ಚಂದ್ರಕಲಾ ಕಾಗದದತ್ತ ಬಗ್ಗಿ ನೋಡಿದಳು. "ಅದು ಪ್ರೋಗ್ರಾಂರಿ ಸಾಹೇಬ್ರ. ನಾ ಬರ್ದಿದ್ದಲ್ಲ."

"ಮತ್ಯಾರು ಬರ್ದಾರ?"

"ನಾಕ್ ದೇಶದ ಮಂದಿ ಕೂಡಿ ಬರ್ದಾರ್ರಿ. ಯಾರ್ ಬೇಕಾದ್ರೂ ಪುಕ್ಕಟ ತಗೋಬಹುದು."

"ಪುಕ್ಕಟ?" ಸಾಹೇಬರ ಹುಬ್ಬು ಮೇಲೇರಿತು. ಮೂವತ್ತು ವರ್ಷದ ಸರ್ವಿಸಿನಲ್ಲಿ ಪುಕ್ಕಟೆ ಬಂದದ್ದನ್ನು ಅವರು ಅನುಮಾನಿಸಿದ್ದು ಇದೇ ಮೊದಲು.

ಇದು ಶಹಾಪುರದ ಒಂದು ಸರ್ಕಾರಿ ಕಚೇರಿ. ಯಾವ ಇಲಾಖೆ ಎಂದು ಕೇಳಬೇಡಿ, ಯಾವುದಾದರೂ ನಡೆಯುತ್ತದೆ. ದಿನಾ ಹನ್ನೊಂದೂವರೆಗೆ ಇಲ್ಲಿ ನೆಟ್‌ವರ್ಕ್ ಸಾಯುತ್ತಿತ್ತು. ಕಿಟಕಿಯ ಮುಂದೆ ಮುಂಜಾನೆಯಿಂದ ನಿಂತವರಿಗೆ "ಬೆಂಗಳೂರಿನ ಸರ್ವರ್ ಡೌನ್ ಆಗ್ಯದ" ಎಂದು ಹೇಳಿ ಸಿಬ್ಬಂದಿ ಚಹಾಕ್ಕೆ ಹೋಗುತ್ತಿದ್ದರು. ಸರದಿಯಲ್ಲಿ ನಿಂತವರನ್ನು ಬಿಟ್ಟು ಎಲ್ಲರಿಗೂ ಅನುಕೂಲವೇ ಆಗಿತ್ತು.

ಚಂದ್ರಕಲಾ ಇಲ್ಲಿಯ ಗುಮಾಸ್ತೆ. ಕಂಪ್ಯೂಟರ್ ಬಲ್ಲವಳು, ಅದೇ ಅವಳು ಮಾಡಿದ ಪಾಪ. ಕಕ್ಕೇರಾಕ್ಕೆ ವರ್ಗಾವಣೆ ಮಂಜೂರಾಗಿ ಎಂಟು ತಿಂಗಳಾಗಿತ್ತು. ಗಂಡ ಅಲ್ಲಿ ಮಾಸ್ತರ, ನಾಲ್ಕು ವರ್ಷದ ಮಗಳು ಅಲ್ಲೇ ಅಜ್ಜಿಯ ಹತ್ತಿರ. ಇವಳೊಬ್ಬಳು ಶಹಾಪುರದ ಬಾಡಿಗೆ ಕೋಣೆಯಲ್ಲಿ. ಹೋದ ಭಾನುವಾರ ಮಗಳು ಇವಳನ್ನು ಕಂಡು, ಯಾರೋ ಹೊಸಬರು ಬಂದರೆಂಬಂತೆ ಅಜ್ಜಿಯ ಸೆರಗಿನ ಹಿಂದೆ ಅಡಗಿಕೊಂಡಿದ್ದಳು. ತಿರುಗಿ ಬರುವಾಗ ಸುರಪುರದ ಬಸ್ ಸ್ಟ್ಯಾಂಡಿನಲ್ಲಿ ಚಂದ್ರಕಲಾ ನಿಂತಲ್ಲೇ ಅತ್ತಿದ್ದಳು. ಅವಳಿಗೆ ಬೇಕಾಗಿದ್ದುದು ಒಂದೇ. ಇಲ್ಲಿಂದ ಬಿಡುಗಡೆ ಮಾಡುವ ಆದೇಶಕ್ಕೆ ಸಾಹೇಬರ ಸಹಿ.

"ನೆಟ್‌ವರ್ಕ್ ನೆಟ್ಟಗಾಗ್ಲಿ, ಮರುದಿನಾನ ರಿಲೀವ್ ಮಾಡ್ತೀನಿ," ಎಂದಿದ್ದರು ಸಾಹೇಬರು. ನೆಟ್ಟಗಾಗುವುದಿಲ್ಲ ಎಂಬ ಭರವಸೆ ಅವರಿಗಿತ್ತು.

ಸಂಪರ್ಕ ಯಾವ ತಂತಿಯಲ್ಲಿ ಕಡಿಯುತ್ತದೆ ಎಂದು ತೋರಿಸುವ ತಂತ್ರಾಂಶವೊಂದನ್ನು ಚಂದ್ರಕಲಾ ಹುಡುಕಿ ತಂದಳು. ಆದರೆ ಕಚೇರಿಯ ಕಂಪ್ಯೂಟರ್ ಅಜ್ಜನ ಕಾಲದ್ದು. ಸಿದ್ಧ ತಂತ್ರಾಂಶ ಅದರಲ್ಲಿ ಕೂರಲೊಲ್ಲದು. ಮೂಲ ಕೋಡನ್ನೇ ಇಳಿಸಿಕೊಂಡು ಆ ಯಂತ್ರದ ಮೇಲೆಯೇ ಕಟ್ಟಬೇಕು. ಹಿಟ್ಟು ಕೊಳ್ಳುವ ಬದಲು ಜೋಳ ಒಯ್ದು ಗಿರಣಿಗೆ ಹಾಕಿಸಿದ ಹಾಗೆ.

ಆಗ ಸಾಹೇಬರಿಗೆ ನಿಯಮ ನೆನಪಾಯಿತು. ಕಚೇರಿಯೊಳಗೆ ಬರುವ ಹೊರಗಿನ ಬರಹ ಏನೇ ಇರಲಿ, ಮೂರು ಪ್ರತಿ ತೆಗೆಯಬೇಕು. ಪ್ರತಿ ಪುಟಕ್ಕೂ ಅಧಿಕಾರಿಯ ಸಹಿ, ಮುದ್ರೆ, ತಾರೀಖು ಬೀಳಬೇಕು. ಕೋಡು ಬರಹವಲ್ಲವೇ?

"ಇನ್ನೂರಾ ಹತ್ತು ಪುಟ ಅದಾವ್ರಿ ಸಾಹೇಬ್ರ."

"ಇರ್ಲಿ. ಓದ್ಲಾರ್ದ ಸಹಿ ಮಾಡೋ ಮನಷ್ಯಾ ಅಲ್ಲ ನಾ."

ಓದಿದರು ಕೂಡ! ಹದಿನೇಳು ದಿನ. ಆವರಣ ಚಿಹ್ನೆ ತೆರೆದಿದೆ, ಮುಚ್ಚಿಲ್ಲ ಎಂದು ನಾಲ್ಕು ಪುಟಕ್ಕೆ ವಿವರಣೆ ಕೇಳಿದರು. ಬರೆದವರ ಹೆಸರಿನ ಮುಂದೆ ಹುದ್ದೆ ನಮೂದಿಸಿಲ್ಲ ಎಂದು ಷರಾ ಹಾಕಿದರು. ಅಂತೂ ಸಹಿ ಬಿತ್ತು. ಮೂರು ಸಲ ತಪ್ಪು ತೋರಿಸಿ ನಿಂತ ಯಂತ್ರ ನಾಲ್ಕನೆಯ ಸಲಕ್ಕೆ ತಂತ್ರಾಂಶವನ್ನು ಒಪ್ಪಿಕೊಂಡಿತು.

ಒಂದೇ ದಿನದಲ್ಲಿ ರೋಗ ಸಿಕ್ಕಿತು. ಬೆಂಗಳೂರಿನಲ್ಲಲ್ಲ, ಸಾಹೇಬರ ಕೋಣೆಯಲ್ಲಿ. ಸಾಹೇಬರು ಕಚೇರಿಗೆ ಬಂದೊಡನೆ, ಅಂದರೆ ಹನ್ನೊಂದೂವರೆಗೆ, ಹಾಕುವ ಕೂಲರಿನ ನೀರು ಗೋಡೆಯ ನೆಟ್‌ವರ್ಕ್ ಡಬ್ಬಿಯ ಮೇಲೆ ತೊಟ್ಟಿಕ್ಕುತ್ತಿತ್ತು. ಚಂದ್ರಕಲಾ ಡಬ್ಬಿಯನ್ನು ಎರಡು ಮೊಳ ಆಚೆ ಹಾಕಿಸಿದಳು. ನೆಟ್‌ವರ್ಕ್ ಇಡೀ ದಿನ ಬದುಕಿತು. ಸಿಬ್ಬಂದಿ ಅವಳನ್ನು ಶಪಿಸಿದರು.

"ಈಗರ ರಿಲೀವ್ ಮಾಡ್ರಿ ಸಾಹೇಬ್ರ."

"ಹುಚ್ಚೇನ್ರಿ ನಿಮಗ? ಇಷ್ಟು ಚಂದ ನಡ್ಯಾಕತ್ತದ. ನೀವು ಹೋದ್ರ ಇದನ್ನ ನೋಡ್ಕೊಳ್ಳೋರು ಯಾರು?"

ಚಂದ್ರಕಲಾ ಸಹಿಗೆಂದು ತಂದಿದ್ದ ಆದೇಶವನ್ನು ಮಡಚಿಕೊಂಡಳು. ಬಾಯಲ್ಲಿ ಬಂದದ್ದು ಇಷ್ಟು ಮಾತ್ರ, "ಆಯ್ತ್ರಿ, ನೋಡ್ಕೋತೀನಿ."

ನೋಡಿಕೊಂಡಳು. ಮರುವಾರವೇ ಎರಡನೇ ಆವೃತ್ತಿಯ ಕಂತೆ ಹೊತ್ತು ಬಂದಳು. "ಇದನ್ನ ಹಾಕ್ಲಿಲ್ಲಂದ್ರ ಕಳ್ಳರು ಕಂಪ್ಯೂಟರ್ ಒಳಗ ಹೊಕ್ಕೊತಾರ್ರಿ." ನಿಯಮ ಅಂದರೆ ನಿಯಮ. ಸಾಹೇಬರು ಈ ಸಲ ಹತ್ತು ಪುಟ ಓದಿ, ಉಳಿದವಕ್ಕೆ ಬರಿದೆ ಸಹಿ ಗೀಚಿದರು. ತಾನೇ ತಂದ ತಂತ್ರಾಂಶ ಅವಳನ್ನು ಶಹಾಪುರಕ್ಕೆ ಕಟ್ಟಿಹಾಕಿತಲ್ಲ ಎಂದು ಕಚೇರಿಯೆಲ್ಲ ಕನಿಕರಪಟ್ಟಿತು.

ಹದಿನೈದು ದಿನಕ್ಕೆ ಮೂರನೇ ಆವೃತ್ತಿ ಬಂತು. ಎಲ್ಲ ಕಚೇರಿಗಳಲ್ಲಿ ನಡೆಯುವ ಹಾಗೆ ಚಂದ್ರಕಲಾ ಪಕ್ಕದಲ್ಲಿ ನಿಂತು ಪುಟಗಳ ಕೆಳಮೂಲೆಯನ್ನಷ್ಟೇ ಎತ್ತುತ್ತಾ ಹೋದಳು. ಸಾಹೇಬರು ಕಿವಿಗೆ ಫೋನು ಹಚ್ಚಿಕೊಂಡು, ತಮ್ಮನ ಮಗನ ಮದುವೆಗೆ ಯಾದಗಿರಿಯ ಬ್ಯಾಂಡೋ ಸುರಪುರದ ಬ್ಯಾಂಡೋ ಎಂದು ವಾದಿಸುತ್ತಾ ಸಹಿ ಹಾಕುತ್ತಾ ಹೋದರು. ಜವಾನ ಕೆಲಸದ ಹನುಮಮ್ಮ ಹಿಂದಿನಿಂದ ದಬದಬ ಮುದ್ರೆ ಒತ್ತಿದಳು.

"ಇನ್ನಾ ಎಷ್ಟು ಅದಾವ?"

"ಮುಗೀತ್ರಿ ಸಾಹೇಬ್ರ."

ಸೋಮವಾರ ಅವಳ ಕುರ್ಚಿ ಖಾಲಿ. ಸಾಹೇಬರು ಫೋನು ಹಚ್ಚಿದರು. "ಎಲ್ಲಿ ಅದೀರಿ ಬಾಯಾರ?"

"ಕಕ್ಕೇರಾದಾಗ್ರಿ. ಮುಂಜಾನೆನ ಡ್ಯೂಟಿಗೆ ಹಾಜರಾದೆ."

"ನಾ ಯಾವಾಗ ನಿಮ್ಮನ್ನ ಬಿಟ್ಟೀನಿ?"

"ಬಿಟ್ಟೀರಲ್ರಿ. ಸಹಿ, ಮುದ್ರಿ, ತಾರೀಖು, ಮೂರೂ ಪ್ರತಿ ಮ್ಯಾಲ. ಇಲ್ಲಿಯವ್ರು ಕಾಗದ ಭಾಳ ಚೊಕ್ಕ ಅದ ಅಂದ್ರು."

ಸಾಹೇಬರು ಮೇಲಿನವರಿಗೆ ದೂರು ಬರೆಯಲು ಕುಳಿತರು. "ನಾನು ಓದದೆ ಸಹಿ ಮಾಡಿದ್ದರಿಂದ" ಎಂಬಲ್ಲಿಗೆ ಪೆನ್ನು ನಿಂತಿತು. ಹಾಳೆ ಹರಿದರು. ಆ ಕಂತೆಗಳಲ್ಲಿ ಇನ್ನೂ ಯಾವುದಕ್ಕೆಲ್ಲ ಸಹಿ ಹಾಕಿದ್ದೇನೋ ಎಂದು ಬೆವರಿ, ಯಾದಗಿರಿಯಿಂದ ಕಂಪ್ಯೂಟರ್ ಬಲ್ಲ ಸಂಜೀವಕುಮಾರನನ್ನು ಕರೆಸಿದರು. ಅವನು ಮೂರೂ ಕಂತೆ ತಿರುವಿದ, ಅಂತರ್ಜಾಲ ತೆರೆದು ನೋಡಿದ, ತಲೆ ಕೆರೆದುಕೊಂಡ.

"ಮೂರೂ ಒಂದೇ ಅದಾವ್ರಿ ಸಾಹೇಬ್ರ. ಇದನ್ನ ಬರ್ದು ಆರು ವರ್ಷ ಆತು, ಎರಡನೇ ಆವೃತ್ತಿನ ಇನ್ನಾ ಬಂದಿಲ್ಲ."